ಎತ್ತದ ಸೆಗಣಿ

ಮೇ 9

ನನ್ನ ಮಗನ ಹೆಂಡತಿಗೆ,

ನಾನು ಕ್ಷೇಮವಾಗಿಲ್ಲ. ನಿನ್ನ ಕ್ಷೇಮ ಕೇಳುವುದಕ್ಕೂ ಈ ಕಾಗದವಲ್ಲ. ಫೋನಿನಲ್ಲಿ ನಿನ್ನ ಮಾತು ನನ್ನ ಕಿವಿಗೆ ಹತ್ತುವುದಿಲ್ಲ. ಹತ್ತಿದರೂ ನೀನು ಹೇಳುವುದು ‘ಹೂಂ ಅತ್ತೆ’ ಎಂದಷ್ಟೇ. ಆ ಹೂಂ ಒಳಗೆ ಎಷ್ಟು ಊಹೂಂ ಇರುತ್ತದೆ ಎಂದು ನನಗೆ ಗೊತ್ತು. ಕಾಗದವಾದರೆ ನನ್ನ ಮಾತು ಮುಗಿಯುವ ಮೊದಲೇ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನೀನು ಎದ್ದುಹೋಗುವಂತಿಲ್ಲ.

ನಿನ್ನೆ ನಮ್ಮೂರಿನ ಹಾಲಿನ ವ್ಯಾನಿನವನು ಮೂರು ಮಹಡಿ ಹತ್ತಿ ಇಲ್ಲಿ ಮಗಳ ಮನೆಗೆ ನನ್ನನ್ನು ನೋಡಲು ಬಂದಿದ್ದ. ಪಾಪ, ಲಿಫ್ಟು ಕೆಟ್ಟು ಎಷ್ಟೋ ಕಾಲವಾಯಿತು. ಏದುಸಿರು ಬಿಡುತ್ತಲೇ ಹೇಳಿದ: “ಅಮ್ಮಾ, ನಿಮ್ಮ ಹುಲ್ಲುಗಾವಲಲ್ಲಿ ಕಾಲಿಡೋಕೆ ಜಾಗ ಇಲ್ಲ. ಗೇಟಿನ ಹತ್ರಾನೇ ಸೆಗಣಿ ಬಿದ್ದಿದೆ. ಎತ್ತೋರೇ ಇಲ್ಲ.” ಈ ಕಿವಿ ಪೂರ್ತಿ ಕೆಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು.

ನಾನು ಆ ಮನೆಗೆ ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ ನನ್ನ ಅತ್ತೆ ಕೈಗೆ ಕೊಟ್ಟದ್ದು ಮಂಕರಿ ಮತ್ತು ಸಲಿಕೆ. ಬಿಸಿಲೇರುವ ಮೊದಲು ಸೆಗಣಿ ಎತ್ತಿ ತಿಪ್ಪೆಗೆ ಹಾಕದೆ ನಾನು ಒಂದು ದಿನವೂ ಬಾಯಿಗೆ ನೀರು ಹಾಕಿದವಳಲ್ಲ. ಬಸಿರಿನಲ್ಲೂ ಎತ್ತಿದ್ದೇನೆ, ಬಾಣಂತನದಲ್ಲೂ ಎತ್ತಿದ್ದೇನೆ. ಆ ಸೊಟ್ಟಕೊಂಬು ಹಸು ಹಿಂದಿನಿಂದ ಬಂದು ಗುದ್ದಿದಾಗಲೂ ಬಗ್ಗಿ ಸೆಗಣಿಯನ್ನೇ ಎತ್ತುತ್ತಿದ್ದೆ. ಸೊಂಟ ಮುರಿದದ್ದು ನನ್ನದು, ಕೈ ಬಿದ್ದುಹೋದದ್ದು ಮಾತ್ರ ನಿನ್ನದು.

ಮಳೆ ಹತ್ತಿರ ಬಂತು. ಎಲ್ಲ ದನಗಳ ಬೆನ್ನಿಗೂ ಜಂತುಹುಳದ ಔಷಧಿ ಸುರಿಯಬೇಕು. ಡಬ್ಬ ಕೊಟ್ಟಿಗೆಯ ಅಟ್ಟದ ಮೇಲಿದೆ. ಒಂದನ್ನೂ ಬಿಡಬಾರದು. ಇಷ್ಟಾದರೂ ಮಾಡು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಉತ್ತರ ಬರೆಯಬೇಡ.

ಇಂತಿ,
ನಿನ್ನ ಗಂಡನ ತಾಯಿ


ಮೇ 17

ಅತ್ತೆಯವರಿಗೆ,

ಕಾಗದ ಬಂತು. ಓದಿ ಮುಗಿಯುವವರೆಗೆ ಎದ್ದುಹೋಗಲಿಲ್ಲ. ಒಲೆಯ ಮೇಲೆ ಹಾಲೂ ಇರಲಿಲ್ಲ.

ಸೆಗಣಿ ಎತ್ತುತ್ತಿಲ್ಲ, ನಿಜ. ನೀವು ಬಿದ್ದ ಮೇಲೆ ಮೊದಮೊದಲು ನಾನೂ ಎತ್ತಿದೆ. ಮನೆಯ ಹತ್ತಿರದ್ದನ್ನು ಎತ್ತುವಷ್ಟರಲ್ಲಿ ಹಾಲು ಕರೆಯುವ ಹೊತ್ತು ಮೀರುತ್ತಿತ್ತು. ಇಳಿಜಾರಿನ ಆಚೆಯದನ್ನು ನೀವೂ ಎಂದೂ ಎತ್ತಿದವರಲ್ಲ. ಅಲ್ಲಿ ಏನಾಗಿದೆ ಎಂದು ನೋಡಿದ್ದೀರಾ? ಹೋದ ವರ್ಷದ ಸೆಗಣಿ ಇನ್ನೂ ಒಣಗಿದ ತಟ್ಟೆಗಳ ಹಾಗೆ ಬಿದ್ದಿದೆ. ಕೆಳಗಿನ ಹುಲ್ಲು ಬಿಳಿಚಿ ಸತ್ತಿದೆ. ಸುತ್ತಲಿನದು ಮೊಣಕಾಲೆತ್ತರ ಬೆಳೆದಿದೆ, ಆದರೆ ಯಾವ ಹಸುವೂ ಅದಕ್ಕೆ ಬಾಯಿ ಹಾಕುವುದಿಲ್ಲ. ಸೆಗಣಿಯ ಮಗ್ಗುಲಲ್ಲಿ ಮೇಯುವಷ್ಟು ಹಸು ದಡ್ಡಿಯಲ್ಲ. ಹೀಗೆ ಹುಲ್ಲುಗಾವಲಿನ ಒಂದು ಪಾಲು ಇದ್ದೂ ಇಲ್ಲದಂತಾಗಿದೆ.

ಸೊಟ್ಟಕೊಂಬಿನ ಸೆಗಣಿ ಮಾತ್ರ ಹಾಗಲ್ಲ. ಬೆಳಿಗ್ಗೆ ಹಾಕಿದ್ದು ಎರಡು ದಿನ ಕಳೆದು ನೋಡಿದರೆ ಜರಡಿ ಹಿಡಿದ ಪುಡಿಯ ಹಾಗೆ ಆಗಿರುತ್ತದೆ, ಆಮೇಲೆ ಅದೂ ಇರುವುದಿಲ್ಲ. ಕೆದಕಿ ನೋಡಿದೆ. ಅಂಗಿಯ ಕರಿ ಗುಂಡಿಗಳಂಥ ಸೆಗಣಿ ಹುಳಗಳು ಒಳಗೆ ಗಿಜಿಗುಟ್ಟುತ್ತಿದ್ದವು. ಅಡಿಯಲ್ಲಿ ಬೆರಳು ಹೋಗುವಷ್ಟು ದಪ್ಪ ಬಿಲಗಳು. ಸೆಗಣಿಯನ್ನು ತುಂಡು ತುಂಡಾಗಿ ನೆಲದೊಳಗೆ ಇಳಿಸಿ, ಉಂಡೆ ಕಟ್ಟಿ, ಅದರಲ್ಲಿ ಮೊಟ್ಟೆಯಿಡುತ್ತವೆ. ಉಳಿದ ಹಸುಗಳ ಸೆಗಣಿಯ ಅಡಿಯೂ ಅಗೆದೆ. ಅಲ್ಲಿ ಉಂಡೆಗಳೇ ಅಪರೂಪ. ಇದ್ದ ಉಂಡೆಗಳೊಳಗೆ ಮರಿ ಕಪ್ಪಾಗಿ ಸತ್ತಿತ್ತು.

ಸೊಟ್ಟಕೊಂಬಿಗೂ ಉಳಿದವಕ್ಕೂ ಇರುವ ವ್ಯತ್ಯಾಸ ನಿಮಗೇ ಗೊತ್ತು. ಬೆನ್ನ ಮೇಲೆ ಕೈಯಿಡಲು ಬಿಡದ ಅದಕ್ಕೆ ನಿಮ್ಮಿಂದ ಒಂದು ಸಲವೂ ಔಷಧಿ ಸುರಿಯಲಾಗಲಿಲ್ಲ. ದನದ ಡಾಕ್ಟರಮ್ಮನನ್ನು ಕೇಳಿದೆ. “ಬೆನ್ನಿಗೆ ಸುರಿದ ಔಷಧಿ ಹಸುವಿನ ಮೈಯಲ್ಲೇ ಮುಗಿದುಹೋಗಲ್ಲ. ಎಷ್ಟೋ ದಿನ ಸೆಗಣಿಯಲ್ಲಿ ಹೊರಗೆ ಬರ್ತಾನೇ ಇರುತ್ತೆ. ಜಂತಿಗೆ ಹಾಕಿದ್ದು ಸೆಗಣಿ ಹುಳಕ್ಕೂ ತಗಲುತ್ತೆ. ಎಲ್ಲಕ್ಕೂ ಸುರೀಬೇಡಿ. ಸೆಗಣಿ ಪರೀಕ್ಷೆ ಮಾಡಿಸಿ, ಬೇಕಾದ್ದಕ್ಕೆ ಮಾತ್ರ ಹಾಕಿ” ಎಂದರು.

ಔಷಧಿ ಡಬ್ಬ ಅಟ್ಟದ ಮೇಲಿಲ್ಲ. ನನ್ನ ಬೀರುವಿನಲ್ಲಿದೆ. ಬೀಗದ ಕೈಯೂ ನನ್ನ ಹತ್ತಿರವೇ ಇದೆ.

ಮದುವೆಯಾಗಿ ಬಂದ ಹೊಸದರಲ್ಲಿ ನೆಂಟರೆದುರು ನೀವು ಹೇಳಿದ್ದು ನೆನಪಿದೆ: “ಹೊಲಿಗೆ ಯಂತ್ರ ತುಳಿದ ಕಾಲು, ಇದಕ್ಕೆ ಸೆಗಣಿ ತುಳಿಯೋದು ಎಲ್ಲಿ ಬರುತ್ತೆ?” ಈಗ ದಿನವೂ ತುಳಿಯುತ್ತಿದ್ದೇನೆ. ತುಳಿದೇ ಬರೆಯುತ್ತಿದ್ದೇನೆ.

ನಿಮ್ಮ ಸೊಸೆ


ಮೇ 25

ಬೀಗದ ಕೈ ಇಟ್ಟುಕೊಂಡವಳಿಗೆ,

ಹುಳ ಕೆದಕುವುದಕ್ಕೆ ನಿನಗೆ ಹೊತ್ತು ಸಿಗುತ್ತದೆ, ಸೆಗಣಿ ಎತ್ತುವುದಕ್ಕೆ ಸಿಗುವುದಿಲ್ಲ. ಸಗಣಿಯವನ ಜೊತೆ ಸರಸಕ್ಕಿಂತ ಗಂಧದವನ ಜೊತೆ ಗುದ್ದಾಟ ಮೇಲು ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ. ನೀನು ಸರಸಕ್ಕೆ ಹುಡುಕಿಕೊಂಡದ್ದು ಸೆಗಣಿಯವರಲ್ಲೇ ತೀರ ಕೆಳಗಿನವರನ್ನು.

ಔಷಧಿ ಯಾಕೆ ಬಂತು ಎಂದು ನಿನಗೆ ಯಾರಾದರೂ ಹೇಳಿದ್ದಾರಾ? ನಾನು ಹೇಳುತ್ತೇನೆ, ಕೇಳು. ನಿನ್ನ ಗಂಡ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಆ ಮಳೆಗಾಲ ಕರುಗಳು ಚೆನ್ನಾಗಿಯೇ ಇದ್ದವು. ಮೊದಲು ಮೈಮೇಲಿನ ರೋಮ ಒರಟಾಯಿತು. ಆಮೇಲೆ ಭೇದಿ. ಆಮೇಲೆ ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊತ. ಒಂದರ ಹಿಂದೆ ಒಂದು ಹೋದವು. ನಿನ್ನ ಮಾವ ಅತ್ತುಕೊಂಡು ಒಳಗೆ ಕೂತರು. ಗಾಡಿಗೆ ಹಾಕಿ ಒಯ್ದು ಹೂತವಳು ನಾನು. ಕೊನೆಯ ಕರುವಿನ ಹೊಟ್ಟೆ ಕೊಯ್ದು ಅಂದಿನ ಡಾಕ್ಟರು ತೋರಿಸಿದರು, ಕೂದಲಿನಂಥ ಹುಳ ಹೊಸೆದುಕೊಂಡು ಬಿದ್ದಿದ್ದವು. ಆ ವರ್ಷ ಹಾಲಿಗೂ ಗತಿಯಿಲ್ಲದೆ ನಿನ್ನ ಗಂಡನಿಗೆ ಗಂಜಿ ಕುಡಿಸಿದೆ.

ಸೆಗಣಿಯಲ್ಲಿ ಬಿದ್ದ ಜಂತಿನ ಮೊಟ್ಟೆ ಒಡೆದು, ಮರಿ ಹುಲ್ಲು ಹತ್ತಿ, ಕರುವಿನ ಬಾಯಿಗೆ ಹೋಗುತ್ತದೆ. ಅದಕ್ಕೇ ಎತ್ತು ಎನ್ನುವುದು. ಅದಕ್ಕೇ ಸುರಿ ಎನ್ನುವುದು. ನಿನ್ನ ಕರಿ ಗುಂಡಿಗಳು ಬಂದು ನಮ್ಮ ಕರುಗಳನ್ನು ಕಾಯುತ್ತವಾ?

ಆ ನೆಲ ನನ್ನ ಹೆಸರಿನಲ್ಲಿದೆ, ಮರೆಯಬೇಡ. ನಮ್ಮ ಬೇಲಿಯಾಚೆಯವನು ಎಷ್ಟೋ ವರ್ಷದಿಂದ ಗುತ್ತಿಗೆಗೆ ಕೇಳುತ್ತಿದ್ದಾನೆ. ಅವನ ದನಕ್ಕೆ ಮೇವು ಸಾಲದು. ನಾನು ಒಂದು ಮಾತು ಅಂದರೆ ನಾಳೆಯೇ ಬರುತ್ತಾನೆ.

ಡಬ್ಬ ಹೊರಗೆ ತೆಗೆ.

ಇಂತಿ,
ಆ ಹುಲ್ಲುಗಾವಲಿನ ಒಡತಿ


ಜುಲೈ 2

ಅತ್ತೆಯವರಿಗೆ,

ಬಿಳಿಮುಖ ಹಸುವಿನ ಕರು ನಿನ್ನೆ ಸಂಜೆ ಸತ್ತಿತು. ಹೆಣ್ಣು ಕರು. ನೀವು ಅದನ್ನು ನೋಡಿಲ್ಲ, ನೀವು ಹೋದ ಮೇಲೆ ಹುಟ್ಟಿದ್ದು. ತಾಯಿಯ ಹಾಗೆಯೇ ಮುಖ ಪೂರ್ತಿ ಬಿಳಿ.

ರೋಮ ಒರಟಾದಾಗ ಮಳೆಯಲ್ಲಿ ನೆನೆದಿದೆ ಅಂದುಕೊಂಡೆ. ಭೇದಿಯಾದಾಗ ಎಳೆ ಹುಲ್ಲು ತಿಂದಿದೆ ಅಂದುಕೊಂಡೆ. ಗದ್ದದ ಕೆಳಗಿನ ಊತವನ್ನು ಮುಟ್ಟಿದ ಕ್ಷಣ ನಿಮ್ಮ ಕಾಗದದ ಸಾಲು ನೆನಪಾಗಿ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಡಾಕ್ಟರಮ್ಮ ಬರುವಷ್ಟರಲ್ಲಿ ಏಳಲಾರದ ಸ್ಥಿತಿ. ನಿಮ್ಮ ಮಗ ತಲೆ ಎತ್ತಿ ಹಿಡಿದಿದ್ದರು, ನಾನು ನೀರು ಹಾಕುತ್ತಿದ್ದೆ. ಅರ್ಧ ಗುಟುಕು ನುಂಗಿತು, ಉಳಿದದ್ದು ನನ್ನ ಸೆರಗಿನ ಮೇಲೆ ಬಿತ್ತು.

ಡಾಕ್ಟರಮ್ಮ ಆವತ್ತು ಇನ್ನೊಂದು ಮಾತೂ ಹೇಳಿದ್ದರು. “ಕರುಗಳ ವಿಷಯ ಬೇರೆ, ಅವಕ್ಕೆ ಇನ್ನೂ ತಡೆಯೋ ಶಕ್ತಿ ಬಂದಿರಲ್ಲ, ಅವುಗಳ ಮೇಲೆ ಕಣ್ಣಿಡಿ.” ಅದನ್ನು ನಾನು ನಿಮಗೆ ಬರೆಯಲಿಲ್ಲ. ಬರೆದರೆ ನಿಮ್ಮ ಮಾತು ಮೇಲಾಗುತ್ತದೆ ಎಂದು ಬಿಟ್ಟೆ. ನಿಮ್ಮ ಮೇಲಿನ ಹಟಕ್ಕೆ ಕರುಗಳ ಪರೀಕ್ಷೆಯನ್ನೂ ಮುಂದೆ ಹಾಕಿದೆ.

ಉಳಿದ ಕರುಗಳಿಗೆ ಬಾಯಿಯಿಂದ ಔಷಧಿ ಕುಡಿಸಿದ್ದೇನೆ. ಅವುಗಳನ್ನು ಹುಲ್ಲುಗಾವಲಿನಿಂದ ಬಿಡಿಸಿ ಕೊಟ್ಟಿಗೆಯ ಹಿಂದಿನ ಅಂಗಳದಲ್ಲಿ ಕಟ್ಟಿದ್ದೇನೆ. ಅಲ್ಲಿ ದಿನವೂ ಸೆಗಣಿ ಎತ್ತುತ್ತೇನೆ. ಹಸುಗಳಿಗೆ ಮಾತ್ರ ಸುರಿದಿಲ್ಲ, ಸುರಿಯುವುದೂ ಇಲ್ಲ. ಪರೀಕ್ಷೆ ಮಾಡಿಸಿದೆ. ಅವಕ್ಕೆ ಬೇಕಾಗಿಲ್ಲ.

ನೀವು ಗೆದ್ದಿರಿ ಎಂದು ಹೇಳಿಕೊಳ್ಳಬಹುದು. ಬಿಳಿಮುಖ ಈಗಲೂ ಅಂಗಳದ ಬಾಗಿಲಲ್ಲಿ ನಿಂತು ಕೂಗುತ್ತಿದೆ.

ನಿಮ್ಮ ಸೊಸೆ


ಜುಲೈ 9

ಕರು ಕೊಂದವಳಿಗೆ,

ಗೆದ್ದೆ ಅಂತೆ. ಕರು ಸತ್ತ ಮನೆಯಲ್ಲಿ ಗೆಲ್ಲುವುದು ನಿನ್ನ ತೌರಿನ ಕಡೆಯ ಲೆಕ್ಕವಿರಬೇಕು, ನಮ್ಮಲ್ಲಿಲ್ಲ.

ಬಿಳಿಮುಖವನ್ನು ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಅದರ ಅಜ್ಜಿಯನ್ನು ನನ್ನ ತವರಿನಿಂದ ನಡೆಸಿಕೊಂಡು ಬಂದಿದ್ದೆ. ನಿನ್ನ ಕಾಗದ ಓದಿದ ಮೇಲೆ ಮಗಳು ಬಡಿಸಿದ ತಟ್ಟೆಯನ್ನು ಹಿಂದಕ್ಕೆ ತಳ್ಳಿದೆ. ಅವಳು ಹೆದರಿ ಡಾಕ್ಟರಿಗೆ ಫೋನು ಮಾಡಿದಳು. ಯಾವ ಡಾಕ್ಟರಿಗೆ ಇದು ತಿಳಿಯುತ್ತದೆ?

ಬೇಲಿಯಾಚೆಯವನಿಗೆ ಹೇಳಿಕಳಿಸಿದೆ. ಇಲ್ಲಿಗೇ ಬಂದು ಮಾತನಾಡಿ ಹೋದ. ತಿಂಗಳ ಕೊನೆಗೆ ನೆಲ ನೋಡಲು ಬರುತ್ತಾನೆ. ಗೇಟು ತೆಗೆ. ಅದಕ್ಕೂ ಬೀಗ ಹಾಕಬೇಡ.

ಇಂತಿ,
ಒಡತಿ


ಜುಲೈ 28

ಅತ್ತೆಯವರಿಗೆ,

ನಿಮ್ಮ ಗುತ್ತಿಗೆದಾರರು ಬಂದಿದ್ದರು. ಗೇಟು ತೆಗೆದೆ. ಹಿಂದಿನ ಇಡೀ ದಿನ ಮಳೆ ಹೊಯ್ದಿತ್ತು. ಅವರು ಹೊಸ ಬೂಟು ಹಾಕಿಕೊಂಡು ಬಂದಿದ್ದರು.

ಹುಲ್ಲುಗಾವಲಿನ ಉದ್ದಕ್ಕೂ ನಡೆದು ಬಂದು, “ನಂದು ಬೇಲಿಯಿಂದಾಚೆ ಕೆರೆಯಾಗಿ ನಿಂತಿದೆ. ನಿಮ್ಮಲ್ಲಿ ನೀರು ಎಲ್ಲಿ ಹೋಯ್ತು?” ಎಂದು ಕೇಳಿದರು. ನಾನು ಹುಳದ ಬಿಲ ತೋರಿಸಿದೆ. ಅವರು ಬೂಟಿನ ತುದಿಯಿಂದ ಸೆಗಣಿಯನ್ನು ಒದ್ದು, “ಈ ಕೊಳಕೆಲ್ಲ ನಾನು ತಗೊಂಡ ಮೇಲೆ ಇರಲ್ಲ. ಬಂದ ದಿನಾನೇ ಎಲ್ಲ ದನಕ್ಕೂ ಔಷಧಿ ಹೊಡೀತೀನಿ” ಎಂದರು. ಒದ್ದ ಜಾಗದಲ್ಲಿ ಹುಳಗಳು ಅಂಗಾತ ಬಿದ್ದು ಕಾಲು ಬಡಿಯುತ್ತಿದ್ದವು. ನಾನು ಅವರ ಎದುರಿಗೇ ಕೂತು ಒಂದೊಂದನ್ನೇ ಮಗುಚಿ ಹಾಕಿದೆ. ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ನೋಡಲಿ.

ಅಲ್ಲಿಗೆ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಕೊಟ್ಟಿಗೆ ನೋಡಿದರು. ಆಮೇಲೆ ಚಪ್ಪರ ದಾಟಿ ಅಡುಗೆಮನೆಯ ಕಿಟಕಿಯಿಂದ ಒಳಗೆ ಇಣುಕಿದರು. ನಿಮ್ಮ ಮಗ ಬಕೆಟ್ ತೊಳೆಯುತ್ತಿದ್ದವರು ತಲೆಯೆತ್ತಿ, “ಅಲ್ಲೇನು ನೋಡ್ತಿದೀರಿ?” ಎಂದರು.

“ಮನೆಯೂ ಸೇರಿ ಅಂದ್ರಲ್ಲ ನಿಮ್ಮಮ್ಮ. ನನ್ನ ಆಳು ಮಕ್ಕಳಿಗೆ ಇರೋಕಾಯ್ತು ಅಂತ ನೋಡ್ತಿದೀನಿ.”

ಅತ್ತೆ, ಈ ಮನೆಯಲ್ಲಿ ನಮ್ಮಿಬ್ಬರ ಮಾತಿನ ನಡುವೆ ನಿಮ್ಮ ಮಗ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ಬದುಕಿದ್ದಾರೆ. ನಾನು ಅಂದರೂ ಹೌದು, ನೀವು ಅಂದರೂ ಹೌದು. ಅವರು ಇಷ್ಟು ಮೆಲ್ಲಗೆ ಮಾತನಾಡಿದ್ದನ್ನು ನಾನು ಕೇಳಿಲ್ಲ. “ಮನೆಯೂ ಸೇರಿ ಅಂದ್ರೆ, ನಾನೂ ಸೇರೀನಾ?” ಎಂದರು. ಗುತ್ತಿಗೆದಾರರು ನಕ್ಕರು. ಇವರು ನಗಲಿಲ್ಲ. ಬಕೆಟ್ ಬೋರಲು ಹಾಕಿ ಒಳಗೆ ಹೋದರು. ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನ ಹಾಲು ಕರೆಯುವಾಗ ಬಿಳಿಮುಖದ ಹೊಟ್ಟೆಗೆ ಹಣೆ ಆನಿಸಿ ತುಂಬ ಹೊತ್ತು ಹಾಗೇ ಕೂತಿದ್ದರು.

ನನ್ನನ್ನು ಹೊರಗೆ ಹಾಕುವುದಕ್ಕೆ ನಿಮ್ಮ ಮಗನ ಹಾಸಿಗೆಯನ್ನೂ ಗುತ್ತಿಗೆಗೆ ಕೊಟ್ಟಿರಿ. ಹೊಲಿಗೆ ಯಂತ್ರ ಇನ್ನೂ ನನ್ನ ಹತ್ತಿರ ಇದೆ, ನಾನು ಎಲ್ಲಿ ಬೇಕಾದರೂ ತುಳಿದು ಬದುಕುತ್ತೇನೆ. ಅವರು ಬದುಕುತ್ತಾರೋ ನೋಡಿಕೊಳ್ಳಿ.

ನಿಮ್ಮ ಮಗನ ಹೆಂಡತಿ


ಆಗಸ್ಟ್ 20

ಸೊಸೆಗೆ,

ಮನೆಯೂ ಸೇರಿ ಎಂದದ್ದು ಹೌದು. ಕೋಪದಲ್ಲಿ ಅಂದೆ. ಅಂದದ್ದನ್ನು ಅನ್ನಲಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. ನನ್ನ ಮಗನಿಗೆ ನಾನು ಬೇರೆ ಬರೆದಿದ್ದೇನೆ. ಅದರಲ್ಲಿ ಏನಿದೆ ಎಂದು ಕೇಳಬೇಡ.

ಹೋದ ಭಾನುವಾರ ನೀವಿಬ್ಬರೂ ದನದ ಸಂತೆಗೆ ಹೋದದ್ದು ಗೊತ್ತಾಗಿ ಮಗಳ ಕಾರಿನಲ್ಲಿ ನಮ್ಮ ಮನೆಯ ಹತ್ತಿರ ಬಂದಿದ್ದೆ. ನಿನ್ನನ್ನು ನೋಡಲು ಬಂದೆ ಎಂದು ತಿಳಿಯಬೇಡ, ನೀನಿಲ್ಲದ ಹೊತ್ತು ನೋಡಿಯೇ ಬಂದದ್ದು. ಮನೆಯೊಳಗೆ ಕಾಲಿಡಲಿಲ್ಲ. ಮಗಳನ್ನು ಕಾರಿನಲ್ಲೇ ಕೂರಿಸಿ ಊರುಗೋಲು ಹಿಡಿದು ಒಬ್ಬಳೇ ಹುಲ್ಲುಗಾವಲಿಗೆ ಇಳಿದೆ.

ಗೇಟಿನ ಕೀಲು ಎಣ್ಣೆ ಕಂಡು ಎಷ್ಟು ಕಾಲವಾಯಿತು? ಬೇಲಿಯ ಮೂಲೆಯಲ್ಲಿ ಮುಳ್ಳುಗಿಡ ಎದ್ದಿದೆ. ನೀರಿನ ತೊಟ್ಟಿಯಲ್ಲಿ ಪಾಚಿ. ಇದನ್ನೆಲ್ಲ ಮೊದಲು ಬರೆಯುತ್ತಿದ್ದೇನೆ, ಯಾಕೆಂದರೆ ಮುಂದಿನದನ್ನು ಬರೆಯುವುದಕ್ಕೆ ನನಗೆ ಮನಸ್ಸಿಲ್ಲ.

ಗೇಟಿನ ಬಳಿಯ ಆ ತಗ್ಗು ನಿನಗೆ ಗೊತ್ತಲ್ಲ. ದನಗಳ ಕಾಲ್ತುಳಿತಕ್ಕೆ ನೆಲ ಗಾರೆಯ ಹಾಗೆ ಗಟ್ಟಿಯಾಗಿತ್ತು. ಮಳೆಗಾಲ ಪೂರ್ತಿ ನೀರು ನಿಲ್ಲುತ್ತಿತ್ತು. ನಿನ್ನ ಮಾವ ಅಲ್ಲಿ ಗೂಟ ಹೊಡೆಯಲು ಹೋಗಿ ಹಾರೆಯನ್ನೇ ಬಗ್ಗಿಸಿಕೊಂಡಿದ್ದರು. ಅಲ್ಲಿ ನಿಂತು ಊರುಗೋಲು ಊರಿದೆ. ಸರಕ್ಕನೆ ಇಳಿಯಿತು. ಮುಗ್ಗರಿಸಿ ಬಿದ್ದೆ. ಹೆದರಬೇಡ, ಕೂತ ಹಾಗೆ ಬಿದ್ದೆ, ಏನೂ ಆಗಲಿಲ್ಲ. ಬಿದ್ದವಳು ಅಲ್ಲೇ ಕೂತು ನೋಡಿದೆ. ನೆಲ ಮೆತ್ತಗಾಗಿತ್ತು. ಕೈಯಲ್ಲಿ ಕೆದರಿದರೆ ಮಣ್ಣು ಉದುರಿತು, ಎರೆಹುಳ ಬಂತು. ಪಕ್ಕದಲ್ಲಿ ಒಂದು ಗುಪ್ಪೆ ಸೆಗಣಿ. ಅದರೊಳಗಿಂದ ಒಂದು ಹುಳ, ನನ್ನ ಹೆಬ್ಬೆರಳ ಉಗುರಿನಷ್ಟು ದಪ್ಪ, ತನಗಿಂತ ದೊಡ್ಡ ತುಂಡನ್ನು ತಲೆಯಲ್ಲಿ ನೂಕುತ್ತಾ ಬಿಲಕ್ಕೆ ಇಳಿಸುತ್ತಿತ್ತು. ಅದು ಜಾರಿದಾಗೆಲ್ಲ ಮತ್ತೆ ನೂಕುತ್ತಿತ್ತು. ಅದನ್ನೇ ನೋಡುತ್ತಾ ಕೂತೆ. ಮಗಳು ಹಾರ್ನ್ ಹೊಡೆದರೂ ಏಳಲಿಲ್ಲ.

ನನಗೆ ಸಂತೋಷವಾಯಿತು ಎಂದು ನೀನು ಅಂದುಕೊಳ್ಳುತ್ತೀಯ. ಇಲ್ಲ. ಮೈಯೆಲ್ಲ ಉರಿದುಹೋಯಿತು. ನೀನು ಬಲ್ಲವಳಲ್ಲವಾ, ಉತ್ತರ ಹೇಳು. ನಾನು ನನ್ನ ಇಡೀ ಪ್ರಾಯವನ್ನು ಬಗ್ಗಿಕೊಂಡೇ ಕಳೆದೆ. ಬೆಳಿಗ್ಗೆ ಮಕ್ಕಳು ಅಳುತ್ತಿದ್ದರೂ ಮೊದಲು ಮಂಕರಿ ಹೊತ್ತೆ. ಕೊನೆಗೆ ಸೊಂಟ ಮುರಿದುಕೊಂಡೆ. ಈ ಗುಂಡಿಯಷ್ಟು ಹುಳ, ಯಾರೂ ಹೇಳದೆ ಕೇಳದೆ, ಅದನ್ನೇ ನನಗಿಂತ ಚೆನ್ನಾಗಿ ಮಾಡುತ್ತದೆ. ಮೇಲಿಂದ ನಾನೇ ಔಷಧಿ ಸುರಿದು ಅದನ್ನು ಕೊಂದೆ, ಕೊಂದು ಅದರ ಕೆಲಸವನ್ನು ನನ್ನ ತಲೆಗೆ ಕಟ್ಟಿಕೊಂಡೆ. ಹಾಗಾದರೆ ನಾನು ಮಾಡಿದ್ದಕ್ಕೆ ಏನು ಅರ್ಥ?

ಬೇಲಿಯಾಚೆಯವನಿಗೆ ಗುತ್ತಿಗೆ ಇಲ್ಲ ಎಂದು ಹೇಳಿಕಳಿಸಿದ್ದೇನೆ.

ಇಂತಿ,
ನಿನ್ನ ಅತ್ತೆ


ಆಗಸ್ಟ್ 27

ಅತ್ತೆಯವರಿಗೆ,

ಗುತ್ತಿಗೆ ಇಲ್ಲ ಎಂದದ್ದಕ್ಕೆ ನಾನು ಕೃತಜ್ಞಳಲ್ಲ. ಕೊಡಲು ಹೊರಟವರೂ ನೀವೇ. ಕೀಲಿಗೆ ಎಣ್ಣೆ ಹಾಕಿದ್ದೇನೆ.

ನೀವು ಕೇಳಿದ್ದಕ್ಕೆ ಹಿತವಾದ ಉತ್ತರ ನನ್ನ ಹತ್ತಿರವಿಲ್ಲ, ಇದ್ದರೂ ನಿಮಗೆ ಹಿತವಾಗಿ ಹೇಳಲು ನನಗೆ ಬರುವುದಿಲ್ಲ. ಗೊತ್ತಿರುವುದನ್ನು ಹೇಳುತ್ತೇನೆ. ಕರುಗಳ ಅಂಗಳದಲ್ಲಿ ಸೆಗಣಿ ಹುಳಗಳನ್ನು ನಂಬಿ ಕೂರುವಂತಿಲ್ಲ. ಜಾಗ ಇಕ್ಕಟ್ಟು, ಕರುಗಳು ಹೆಚ್ಚು, ಹುಳ ಬಂದು ಕೆಲಸ ಮುಗಿಸುವ ಮೊದಲೇ ಕರು ಅದರಲ್ಲಿ ಮೂತಿ ಇಟ್ಟಿರುತ್ತದೆ. ಅಲ್ಲಿ ದಿನಕ್ಕೆ ಎರಡು ಸಲ ಎತ್ತುತ್ತಿದ್ದೇನೆ. ಎತ್ತುವುದನ್ನು ಬಿಟ್ಟದ್ದಕ್ಕೆ ಒಂದು ಕರುವನ್ನು ಹೂತಿದ್ದೇನೆ. ನೀವು ಎತ್ತಿದ ವರ್ಷಗಳಲ್ಲಿ ಎಷ್ಟು ಕರು ಉಳಿದವು ಎಂದು ನನಗೆ ಗೊತ್ತಿಲ್ಲ. ಬಿಳಿಮುಖ ಅವುಗಳಲ್ಲಿ ಒಂದು ಇರಬಹುದು.

ನಾನು ನಿಮ್ಮನ್ನು ಬನ್ನಿ ಎಂದು ಕರೆಯುತ್ತಿಲ್ಲ. ನಿಮ್ಮ ಮಗ ಕೇಳದೆಯೇ ಮೆಟ್ಟಿಲು ತೆಗೆಸಿ ಇಳಿಜಾರು ಮಾಡಿಸಿದ್ದಾರೆ. ಕೊಟ್ಟಿಗೆಯ ಮಗ್ಗುಲಿನ ಕೋಣೆಗೆ ಸುಣ್ಣ ಹೊಡೆದಿದ್ದಾರೆ. ಒಲೆ ಬೇರೆ ಬೇಕು ಎಂದು ನೀವು ಕೇಳುತ್ತೀರಿ ಎಂದು ನಾನೇ ಹೇಳಿ ಅದನ್ನೂ ಇಡಿಸಿದ್ದೇನೆ. ಒಂದು ಅಡುಗೆಮನೆಯಲ್ಲಿ ನಾವಿಬ್ಬರೂ ಬಾಳುವುದಿಲ್ಲ. ಅಂಗಳದ ಕೆಲಸಕ್ಕೆ ಇನ್ನೆರಡು ಕೈ ಬೇಕು. ಕೂತು ಎತ್ತುವಂಥ ಉದ್ದ ಹಿಡಿಯ ಸಲಿಕೆಯೂ ಇದೆ. ಬೇಡವಾದರೆ ಬೇಡ.

ನಿಮ್ಮ ಸೊಸೆ


ಅಕ್ಟೋಬರ್ 14

ಮಗಳೇ,

ಇಲ್ಲಿಗೆ ಬಂದು ತಿಂಗಳಾಗುತ್ತಾ ಬಂತು. ಹೇಗಿದ್ದೀಯಮ್ಮಾ ಎಂದು ನೀನು ಕೇಳಿದ್ದಕ್ಕೆ ಉತ್ತರ: ಹೋರಾಡಿಕೊಂಡಿದ್ದೇನೆ.

ನಿನ್ನ ಅತ್ತಿಗೆಯ ಜೊತೆ ಬಾಳುವುದೆಂದರೆ ಮುಳ್ಳಿನ ಮೇಲೆ ಬಟ್ಟೆ ಹಾಕಿದ ಹಾಗೆ. ನಾನು ಕರುವಿಗೆ ಮೂಗುದಾರ ಎಂದರೆ ಅವಳು ಈಗಲೇ ಬೇಡ ಎನ್ನುತ್ತಾಳೆ. ನಾನು ತೌಡು ಎಂದರೆ ಅವಳು ಹಿಂಡಿ ಎನ್ನುತ್ತಾಳೆ. ಅಡುಗೆಗೆ ಉಪ್ಪು ಸುರಿಯುತ್ತಾಳೆ, ಅದಕ್ಕೇ ಮೊದಲ ದಿನದಿಂದಲೇ ನನ್ನ ಒಲೆ ಬೇರೆ. ಒಲೆ ಎರಡಾದದ್ದರಿಂದ ಲಾಭ ಆದದ್ದು ನಿನ್ನ ಅಣ್ಣನಿಗೆ ಮಾತ್ರ. ಅಲ್ಲೂ ಉಣ್ಣುತ್ತಾನೆ, ಇಲ್ಲೂ ಉಣ್ಣುತ್ತಾನೆ, ಹೊಟ್ಟೆ ಬಂದಿದೆ.

ಕರುಗಳ ಅಂಗಳ ನನ್ನದು. ಸ್ಟೂಲಿನ ಮೇಲೆ ಕೂತು ಎತ್ತುತ್ತೇನೆ, ಅವಳು ಮಂಕರಿ ಒಯ್ಯುತ್ತಾಳೆ. ಆ ಹೊತ್ತಿನಲ್ಲಿ ಇಬ್ಬರೂ ಮಾತನಾಡುವುದಿಲ್ಲ, ದಿನದಲ್ಲಿ ಅದೊಂದೇ ನೆಮ್ಮದಿಯ ಹೊತ್ತು. ಈ ವರ್ಷ ಇನ್ನೊಂದು ಕರು ಹೋಗಿಲ್ಲ. ನೊಣ ಕಡಿಮೆಯಾಗಿದೆ ಎಂದು ಅವಳು ಹೇಳಿದಳು. ಚಳಿ ಬಂತಲ್ಲ, ಅದಕ್ಕೆ ಎಂದೆ. ಇಳಿಜಾರಿನ ಆಚೆ ಒಣ ತಟ್ಟೆಗಳು ಇನ್ನೂ ಅಲ್ಲಲ್ಲಿ ಬಿದ್ದಿವೆ. ಅವು ಹೋಗಲು ಇನ್ನೂ ಒಂದೆರಡು ಮಳೆಗಾಲ ಬೇಕಂತೆ. ಅಷ್ಟು ಕಾಲ ಇವಳ ಜೊತೆ ನಾನು ಹೇಗಿರಲಿ ಹೇಳು.

ಮೊನ್ನೆ ಸಂಜೆ ಹುಲ್ಲುಗಾವಲಿನ ಅಂಚಿನಲ್ಲಿ ಕೂತಿದ್ದೆ. ಬೇಲಿಯಾಚೆಯವನು ಬಂದ. ಗುತ್ತಿಗೆ ತಪ್ಪಿದ ಹೊಟ್ಟೆಯುರಿ ಇನ್ನೂ ಆರಿಲ್ಲ. ಬೇಲಿಯ ಮೇಲೆ ಮೊಣಕೈ ಊರಿ, “ಏನಮ್ಮಾ, ಸುತ್ತೂರಿಗೇ ಚೊಕ್ಕಟದ ಹುಲ್ಲುಗಾವಲು ನಿಮ್ಮದಾಗಿತ್ತು. ಈಗ ನೋಡಿದ್ರೆ ಹೀಗೆ. ಎತ್ತೋರು ಯಾರೂ ಇಲ್ವಾ ಮನೇಲಿ?” ಎಂದ.

“ಎತ್ತೋರು ಇದಾರೆ. ನಮ್ಮ ಸೊಸೆ ಎತ್ತಬೇಡಿ ಅಂದಿದಾಳೆ” ಎಂದೆ.

“ಅವಳು ಅಂದ್ಬಿಟ್ರೆ ಆಯ್ತಾ? ನೆಲ ನಿಮ್ಮ ಹೆಸರಲ್ಲಿ ತಾನೇ ಇರೋದು?”

“ಹೆಸರು ನಂದು. ದನ ಮೇಯೋದು ಹೆಸರನ್ನಲ್ಲ. ನಮ್ಮನೇಲಿ ಅವಳು ಅಂದ್ರೆ ಆಯ್ತು. ನಿಮ್ಮ ಕಡೆ ನೀರು ಇನ್ನೂ ನಿಂತಿದೆಯಲ್ಲ, ಸೊಳ್ಳೆ ಈ ಕಡೆ ಬರ್ತಾವೆ, ಅದನ್ನ ನೋಡ್ಕೊಳ್ಳಿ ಮೊದಲು.”

ಅವನು ಗೊಣಗಿಕೊಂಡು ಹೋದ. ನಾನು ಊರುಗೋಲು ಹಿಡಿದು ಎದ್ದು ತಿರುಗಿದರೆ, ಅವಳು ಹಾಲಿನ ಬಕೆಟ್ ಹಿಡಿದು ಕೊಟ್ಟಿಗೆಯ ಗೋಡೆಯ ಹತ್ತಿರ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. ಕೇಳಿಸಿಕೊಂಡಿದ್ದರೆ ಇನ್ನು ತಲೆಯ ಮೇಲೆ ಹತ್ತಿ ಕೂರುತ್ತಾಳೆ. ಬಕೆಟ್ ಕೈ ಬದಲಾಯಿಸಿಕೊಂಡು, “ಅತ್ತೆ, ಇವತ್ತು ಉಪ್ಪು ಕಡಿಮೆ ಹಾಕಿದೀನಿ” ಎಂದಳು.

“ನನ್ನ ಅಡುಗೆ ಆಗಿದೆ” ಎಂದೆ.

ಆಗಿರಲಿಲ್ಲ. ಬರೀ ಹಾಲು ಕುಡಿದು ಮಲಗಿದೆ.

ಇಂತಿ,
ನಿನ್ನ ಅಮ್ಮ